ಹೊರದೇಶದ ಹಿತ್ತಲಲ್ಲಿ ಅವರೆ ಹೂ ಬಿಡಲು ಯಾಕಿಷ್ಟು ತಡ? ರಾತ್ರಿಯ ಲೆಕ್ಕ ಹಿಡಿದು ಸೆಪ್ಟೆಂಬರ್‌ನಲ್ಲೇ ಕಾಯಿ ಕೊಯ್ಯುವ ಬಗೆ

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ಇದೇ ಪ್ರಶ್ನೆ. "ಅವರೆ ಬಳ್ಳಿ ಬೇಲಿ ದಾಟಿ ಹೋಗಿದೆ, ಎಲೆ ಅಂಗೈಯಷ್ಟು ಅಗಲ ಇದೆ, ಆದರೆ ಒಂದು ಮೊಗ್ಗೂ ಇಲ್ಲ. ಏನು ಗೊಬ್ಬರ ಹಾಕಲಿ?" ಕೇಳುವವರು ಟೊರೊಂಟೊದವರು, ಷಿಕಾಗೋದವರು, ಲಂಡನ್ನಿನವರು. ಸೆಪ್ಟೆಂಬರ್ ಕೊನೆಗೆ ಅದೇ ಬಳ್ಳಿ ಮೈತುಂಬಾ ಹೂ ಬಿಡುತ್ತದೆ. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಫ್ರಾಸ್ಟ್ ಬೀಳುತ್ತದೆ, ಬೆಳಗಾಗುವಷ್ಟರಲ್ಲಿ ಇಡೀ ಬಳ್ಳಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿರುತ್ತದೆ. (ಫ್ರಾಸ್ಟ್ ಅಂದರೆ ಗಾಳಿಯಲ್ಲಿನ ತೇವವೇ ಹೆಪ್ಪುಗಟ್ಟಿ ಎಲೆ ಮೇಲೆ ಬಿಳಿ ಪುಡಿಯಂತೆ ಕೂರುವುದು.)

ನಿಮ್ಮ ಆರೈಕೆಯಲ್ಲಿ ತಪ್ಪಿಲ್ಲ. ಗೊಬ್ಬರದಿಂದ ಇದು ಸರಿಹೋಗುವುದೂ ಇಲ್ಲ. ನಾಟಿ ಅವರೆ ಹೂ ಬಿಡುವುದು ರಾತ್ರಿ ಸಾಕಷ್ಟು ಉದ್ದವಾದಾಗ ಮಾತ್ರ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಮೊದಲು ಕಾರಣ ತಿಳಿಯೋಣ

ನಾಟಿ ಅವರೆ ಒಂದು 'ಶಾರ್ಟ್ ಡೇ' ಗಿಡ. ಅಂದರೆ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ಸೇವಂತಿಗೆ, ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಗೆ ಬರುವ ಕೆಂಪೆಲೆಯ ಪಾಯಿನ್‌ಸೆಟಿಯಾ, ಸೋಯಾ, ಗಾಂಜಾ ಗಿಡದ ಹೆಚ್ಚಿನ ತಳಿಗಳು, ಎಲ್ಲದರ ಸ್ವಭಾವವೂ ಇದೇ. ಎಲೆಯಲ್ಲಿ ಫೈಟೋಕ್ರೋಮ್ ಎಂಬ ಬಣ್ಣದ ವಸ್ತು ಇರುತ್ತದೆ. ಬೆಳಕು, ಅದರಲ್ಲೂ ಕೆಂಪು ಬೆಳಕು ಬಿದ್ದರೆ ಅದಕ್ಕೆ ಗೊತ್ತಾಗುತ್ತದೆ. ಗಿಡ ಕತ್ತಲೆಯ ಉದ್ದವನ್ನು ಅಳೆಯುವುದು ಇದರ ಸಹಾಯದಿಂದ.

ಈಗ ಲೆಕ್ಕ ನೋಡಿ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು, ಜೂನ್ 21ರದ್ದು, 13 ಗಂಟೆಯೂ ಇಲ್ಲ. ಅದೇ ದಿನ ಟೊರೊಂಟೊದಲ್ಲಿ ಸುಮಾರು ಹದಿನೈದೂವರೆ ಗಂಟೆ, ಲಂಡನ್ನಿನಲ್ಲಿ ಹದಿನಾರೂವರೆ ಗಂಟೆಗೂ ಜಾಸ್ತಿ. ಟೊರೊಂಟೊದಲ್ಲಿ ಆಗಸ್ಟ್ 1ಕ್ಕೂ ಹಗಲು ಸುಮಾರು ಹದಿನಾಲ್ಕೂವರೆ ಗಂಟೆ ಇರುತ್ತದೆ. ಸೆಪ್ಟೆಂಬರ್ 1ಕ್ಕೆ 13 ಗಂಟೆಯ ಮೇಲೆ. ಹಗಲು ರಾತ್ರಿ ಸರಿಸಮ ಆಗುವುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ನಮ್ಮ ನಾಟಿ ಅವರೆಗೆ ಮೊಗ್ಗು ಕಟ್ಟುವ ಮನಸ್ಸು ಬರುವುದು ಹೆಚ್ಚುಕಡಿಮೆ ಆಗಲೇ. ಊರಲ್ಲಾದರೆ ಆಮೇಲೆ ಮೂರು ತಿಂಗಳು ಹಿತವಾದ ಚಳಿ ಇರುತ್ತದೆ, ಡಿಸೆಂಬರ್–ಜನವರಿಗೆ ಸೊಗಡು ತುಂಬಿದ ಕಾಯಿ ಸಿಗುತ್ತದೆ. ಇಲ್ಲಿ ಎರಡು ಮೂರು ವಾರದಲ್ಲೇ ಫ್ರಾಸ್ಟ್.

ಬೇಗ ಬಿತ್ತಿದರೆ ಬೇಗ ಹೂ ಬರುತ್ತದೆ ಅಂತ ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ನಾಟಿ ಅವರೆಯಲ್ಲಿ ಹಾಗಾಗುವುದಿಲ್ಲ. ಏಪ್ರಿಲ್‌ನಲ್ಲಿ ಬಿತ್ತಿದ್ದೂ ಜೂನ್‌ನಲ್ಲಿ ಬಿತ್ತಿದ್ದೂ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಡುತ್ತವೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲರ್ಡ್ ನೂರು ವರ್ಷದ ಹಿಂದೆಯೇ ಇದನ್ನು ಕಂಡಿದ್ದರು. ಬಿಲಾಕ್ಸಿ ಎಂಬ ಸೋಯಾ ತಳಿಯನ್ನು ಬೇರೆ ಬೇರೆ ದಿನ ಬಿತ್ತಿದರೂ ಅದು ಸೆಪ್ಟೆಂಬರ್‌ನಲ್ಲಿ ಒಟ್ಟಿಗೇ ಹೂ ಬಿಡುತ್ತಿತ್ತು. ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕು ಬೇಸಿಗೆಯಿಡೀ ಬೆಳೆದೂ ಬೆಳೆದೂ ಹೂವೇ ಬಿಡುತ್ತಿರಲಿಲ್ಲ. ಅವರು ಕುಂಡಗಳನ್ನು ದಿನಾ ಸಂಜೆ ಬೆಳಕಿಲ್ಲದ ಪುಟ್ಟ ಗುಡಿಸಿಲಿಗೆ ಒಯ್ದು, ಬೆಳಿಗ್ಗೆ ಹೊರಗೆ ತಂದಿಟ್ಟರು. ಬೇಸಿಗೆಯಲ್ಲೇ ಹೂ ಬಂತು. 1920ರಲ್ಲಿ ಅದನ್ನು ಪ್ರಕಟಿಸಿದರು. ನಾವು ಜುಲೈನಲ್ಲಿ ಅವರೆ ಕುಂಡಗಳನ್ನು ದಿನಾ ಗ್ಯಾರೇಜಿನ ಕತ್ತಲೆಯಲ್ಲಿಟ್ಟು ಮಾಡುವುದೂ ಅದನ್ನೇ.

ಒಂದು ಮಾತು. ನೀವು ಹ್ಯೂಸ್ಟನ್‌ನಂಥ ಬಿಸಿ ಊರಿನಲ್ಲಿದ್ದರೆ ಈ ತಾಪತ್ರಯ ಬೇಡ. ಅಲ್ಲಿ ಚಳಿ ತಡವಾಗಿ ಬರುವುದರಿಂದ ಅಕ್ಟೋಬರ್‌ನಲ್ಲಿ ಹೂ ಬಿಟ್ಟರೂ ಕಾಯಿ ಕೈಗೆ ಸಿಗುತ್ತದೆ. ಕೆಳಗಿನ ದಿನಾಂಕಗಳೆಲ್ಲ ಟೊರೊಂಟೊ ಸುತ್ತಮುತ್ತಲಿನ ಹವೆಗೆ ಹೊಂದುವಂಥವು. ನಿಮ್ಮ ಊರಿನ ಕೊನೆಯ ಫ್ರಾಸ್ಟ್ ಮತ್ತು ಮೊದಲ ಫ್ರಾಸ್ಟ್ ದಿನ ನೋಡಿಕೊಂಡು ವಾರ ಹತ್ತು ದಿನ ಹಿಂದೆ ಮುಂದೆ ಮಾಡಿಕೊಳ್ಳಿ.

ಏನೇನು ಬೇಕು

20 ಲೀಟರ್ ಹಿಡಿಯುವ ಕುಂಡ ಅಥವಾ ತಳಕ್ಕೆ ತೂತು ಹೊಡೆದ ಬಕೆಟ್. ನಾಲ್ಕೈದು ಇದ್ದರೆ ಒಂದು ಮನೆಗೆ ಎರಡು ಮೂರು ಸಲದ ಹುಳಿಗೆ ಸಾಕು. ಚಕ್ರದ ಹಲಗೆ, ಕುಂಡ ತಳ್ಳಲು. ನಾಲ್ಕಡಿಯ ಬಿದಿರು ಕಡ್ಡಿಗಳು. ಬೆಳಕು ತೂರದ ಜಾಗ: ಗ್ಯಾರೇಜ್, ಶೆಡ್ಡು ಅಥವಾ ಬೇಸ್‌ಮೆಂಟ್. ಇದಾವುದೂ ಇಲ್ಲದಿದ್ದರೆ ದಪ್ಪ ಕಪ್ಪು ಟಾರ್ಪಾಲು ಮತ್ತು ಅದನ್ನು ಹೊದಿಸಲು ಪೈಪಿನ ಚೌಕಟ್ಟು. ಇವೆಲ್ಲಕ್ಕಿಂತ ಮುಖ್ಯವಾಗಿ, ಸುಮಾರು ಐದು ವಾರ ದಿನಕ್ಕೆ ಎರಡು ಸಲ ಐದೈದು ನಿಮಿಷ ಕೊಡಲು ಮನೆಯಲ್ಲಿ ಒಬ್ಬರು. ಜುಲೈನಲ್ಲಿ ನೀವು ಊರಿಗೆ ಹೋಗುವುದಿದ್ದರೆ ಆ ವರ್ಷ ಕತ್ತಲೆಯ ಉಪಾಯ ಬೇಡ, ಬೇಗ ಬಿಡುವ ತಳಿ ಹಾಕಿ.

ಹಂತ 1: ಬೀಜ ಯಾವುದು ಅಂತ ಮೊದಲು ತಿಳಿದುಕೊಳ್ಳಿ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಎಂಬ ತಳಿಗಳನ್ನು ಕೊಟ್ಟಿದ್ದಾರೆ. ರೈತರು ಎಚ್‌ಎ–3, ಎಚ್‌ಎ–4 ಅನ್ನುತ್ತಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಕೂಡ ಇದೇ ಸಾಲಿನವು. ಇವು ಬಳ್ಳಿಯಾಗಿ ಹಬ್ಬುವುದಿಲ್ಲ, ಗಿಡವಾಗಿ ನಿಲ್ಲುತ್ತವೆ. ಹಗಲಿನ ಉದ್ದವನ್ನು ನೋಡಿಕೊಂಡು ಕೂರುವುದೂ ಇಲ್ಲ. ನಮ್ಮೂರಲ್ಲಿ ವರ್ಷದ ಯಾವ ತಿಂಗಳಲ್ಲಾದರೂ ಅವರೆಕಾಯಿ ಸಿಗುವಂತಾಗಿದ್ದು ಇಂಥ ತಳಿಗಳಿಂದಲೇ. ಬಿತ್ತಿದ ಸುಮಾರು ಮೂರು ತಿಂಗಳಿಗೆ ಹಸಿಕಾಯಿ ಬರುತ್ತದೆ. ಇಲ್ಲಿನ ತಂಪಿಗೆ ಇನ್ನೊಂದೆರಡು ವಾರ ಸೇರಿಸಿಕೊಳ್ಳಿ. ಇವು ನಿಮ್ಮ ಹತ್ತಿರ ಇದ್ದರೆ ಕತ್ತಲೆಯ ಹಂತಗಳನ್ನು ಬಿಟ್ಟು ಉಳಿದದ್ದು ಮಾಡಿ, ಸಾಕು. ಸೊಗಡಿನಲ್ಲಿ ಮಾಗಿ ಕಾಲದ ನಾಟಿ ಕಾಯಿಗೆ ಸಮ ಬರುವುದಿಲ್ಲ ಅನ್ನುವುದು ನನ್ನ ನಾಲಿಗೆಯ ತೀರ್ಮಾನ. ಆದರೂ ಫ್ರೀಜರಿನ ಕಾಳಿಗಿಂತ ಎಷ್ಟೋ ಪಾಲು ಮೇಲು.

ನಾಟಿ ಸೊಗಡವರೆ, ಚಪ್ಪರದವರೆ ಬೀಜವಾದರೆ ರಾತ್ರಿಯ ಲೆಕ್ಕ ಬೇಕೇ ಬೇಕು.

ಮೂರನೆಯದು ಇಲ್ಲಿನ ನರ್ಸರಿಗಳಲ್ಲಿ ಅಂದಕ್ಕೆಂದು ಮಾರುವ ನೇರಳೆ ಕಾಯಿಯ ಬಳ್ಳಿ. ಹಯಸಿಂತ್ ಬೀನ್ ಅನ್ನುತ್ತಾರೆ, ರೂಬಿ ಮೂನ್ ಎಂಬ ತಳಿ ಎಲ್ಲೆಡೆ ಸಿಗುತ್ತದೆ. ಅದೂ ಅವರೆಯೇ! ಬೇಸಿಗೆಯಲ್ಲೇ ಹೂ ಬಿಡುತ್ತದೆ. ನೋಡಲು ಚೆಂದ, ಆದರೆ ಹುಳಿಗೆ ಅಂತ ಬೆಳೆಯಬೇಡಿ. ಅದರ ಬಲಿತ ಕಾಳಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ಒಣ ಅವರೆಕಾಳು ಯಾವುದೇ ಆಗಲಿ, ನೆನೆಸಿ, ಚೆನ್ನಾಗಿ ಕುದಿಸಿ, ಆ ನೀರು ಚೆಲ್ಲಿಯೇ ತಿನ್ನಬೇಕು. ಹಸಿಯಾಗಿ ಬಾಯಿಗೆ ಹಾಕಬಾರದು. ಮಕ್ಕಳಿರುವ ಮನೆಯಲ್ಲಿ ಇದನ್ನು ಹೇಳಿಕೊಡಿ.

ಎಚ್ಚರ: ಊರಿಂದ ಬರುವಾಗ ಬೀಜವನ್ನು ಬಟ್ಟೆ ಮಧ್ಯೆ ಸುತ್ತಿ ತರಬೇಡಿ. ಬಿತ್ತನೆ ಬೀಜ ತರಲು ಹೆಚ್ಚಿನ ದೇಶಗಳು ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಕೇಳುತ್ತವೆ, ಅಂದರೆ ಬೀಜಕ್ಕೆ ರೋಗ ಕೀಟ ಇಲ್ಲ ಎಂದು ಸರ್ಕಾರ ಕೊಡುವ ಪತ್ರ. ಹೊರಡುವ ಮೊದಲೇ ನಿಯಮ ಓದಿ, ಕಸ್ಟಮ್ಸ್‌ನಲ್ಲಿ ತೋರಿಸಿ. ಇಲ್ಲಿನ ಬೀಜದಂಗಡಿಯಲ್ಲಿ 'ಸುರ್ತಿ ಪಾಪ್ಡಿ' ಎಂದು ಪ್ಯಾಕೆಟ್ ಸಿಗುತ್ತದೆ, ಅದೂ ಅವರೆಯ ಒಂದು ಬಗೆ. ಇಂಡಿಯನ್ ಅಂಗಡಿಯ ಫ್ರೀಜರಿನ ಅವರೆಕಾಳು ಎಳೆಯದು, ಅದು ಮೊಳೆಯುವುದಿಲ್ಲ.

ಹಂತ 2: ಏಪ್ರಿಲ್ ಕೊನೆಗೆ ಮನೆಯೊಳಗೆ ಬಿತ್ತನೆ

ಬೀಜವನ್ನು ನಾಲ್ಕಾರು ಗಂಟೆ ನೆನೆಸಿ, ಪೇಪರ್ ಲೋಟದಲ್ಲಿ ಒಂದೊಂದೇ ಊರಿ. ಒಂದಂಗುಲ ಆಳ ಸಾಕು. ಮಣ್ಣು ಬೆಚ್ಚಗಿರಬೇಕು, 20 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ. ತಣ್ಣಗೆ ಒದ್ದೆಯಾಗಿದ್ದರೆ ಬೀಜ ಕೊಳೆತು ಹೋಗುತ್ತದೆ. ಪ್ಲಾಸ್ಟಿಕ್ ತಟ್ಟೆ ಬೇಡ, ಏಕೆಂದರೆ ಅವರೆಗೆ ಬೇರು ಕದಲಿಸಿದರೆ ಆಗುವುದಿಲ್ಲ. ಪೇಪರ್ ಲೋಟವಾದರೆ ಬದಿ ಸೀಳಿ ಮಣ್ಣಿನ ಸಮೇತ ಇಳಿಸಬಹುದು.

ಬೇಗ ಬಿತ್ತಿದರೆ ಪ್ರಯೋಜನವಿಲ್ಲ ಅಂದೆನಲ್ಲ, ಮತ್ತೆ ಏಪ್ರಿಲ್ ಯಾಕೆ? ಜುಲೈನಲ್ಲಿ ಕತ್ತಲೆ ಕೊಡುವ ಹೊತ್ತಿಗೆ ಗಿಡ ದೊಡ್ಡದಾಗಿರಬೇಕು. ನಾಲ್ಕೆಲೆಯ ಸಸಿಗೆ ಕತ್ತಲೆ ಕೊಟ್ಟರೆ ನಾಲ್ಕು ಹೂ ಬಿಟ್ಟು ಸುಮ್ಮನಾಗುತ್ತದೆ.

ಹಂತ 3: ಮೇ ಕೊನೆಗೆ ಹೊರಗೆ

ಕೆನಡಾದವರಿಗೆ ವಿಕ್ಟೋರಿಯಾ ಡೇ (ಮೇ 18ರಿಂದ 24ರೊಳಗೆ ಬರುವ ಸೋಮವಾರದ ರಜೆ) ವಾರಾಂತ್ಯ ನೆನಪಿಡಲು ಸುಲಭ. ಆದರೆ ಅವರೆಗೆ ನಾನು ಇನ್ನೊಂದು ವಾರ ಕಾಯುತ್ತೇನೆ. ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಹೋಗುತ್ತಿದ್ದರೆ ಸಸಿ ಹಳದಿಯಾಗಿ ನಿಂತುಬಿಡುತ್ತದೆ. ಹೊರಗಿಡುವ ಮೊದಲು ಒಂದು ವಾರ 'ಹಾರ್ಡನಿಂಗ್' ಮಾಡಿ. ಅಂದರೆ ಮೊದಲ ದಿನ ಒಂದು ಗಂಟೆ ನೆರಳಲ್ಲಿ, ಮಾರನೇ ದಿನ ಎರಡು ಗಂಟೆ, ಹೀಗೆ ಬಿಸಿಲು ಗಾಳಿಗೆ ಅಭ್ಯಾಸ ಮಾಡಿಸುವುದು.

ಕುಂಡಕ್ಕೆ ಮಣ್ಣು ಮತ್ತು ಕಾಂಪೋಸ್ಟ್ ಸಾಕು. ಅವರೆ ದ್ವಿದಳ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯಿಂದಲೇ ಸಾರಜನಕ ಹಿಡಿದುಕೊಡುತ್ತವೆ. ಹೂ ಬರಲಿಲ್ಲ ಅಂತ ಯೂರಿಯಾ, ಹುಲ್ಲಿಗೆ ಹಾಕುವ ಲಾನ್ ಗೊಬ್ಬರ ಎರಚುವವರನ್ನು ತುಂಬಾ ನೋಡಿದ್ದೇನೆ. ಸಾರಜನಕ ಜಾಸ್ತಿಯಾದರೆ ಎಲೆ ಇನ್ನಷ್ಟು ಬರುತ್ತದೆ, ಹೂ ಇನ್ನಷ್ಟು ತಡವಾಗುತ್ತದೆ.

ಹಂತ 4: ಕುಡಿ ಚಿವುಟಿ

ಬಳ್ಳಿ ಎರಡೂವರೆ, ಮೂರಡಿ ಬಂದಾಗ ತುದಿ ಚಿವುಟಿ. ಪಕ್ಕದ ಕವಲು ಬರುತ್ತವೆ. ಅವೂ ಕಡ್ಡಿ ದಾಟಿದರೆ ಮತ್ತೆ ಚಿವುಟಿ. ಚಿವುಟಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಗ್ಯಾರೇಜಿನ ಬಾಗಿಲಲ್ಲಿ ನುಗ್ಗದ ಬಳ್ಳಿಗೆ ಕತ್ತಲೆ ಕೊಡುವುದು ಹೇಗೆ? ಜುಲೈ ಮೊದಲ ವಾರದ ನಂತರ ಚಿವುಟುವುದು ನಿಲ್ಲಿಸಿ. ಹೂಗೊಂಚಲು ಬರುವುದು ಆ ಹೊಸ ಕವಲುಗಳ ಎಲೆಕಂಕುಳಲ್ಲೇ.

ಹಂತ 5: ಜುಲೈ 10ರ ಸುಮಾರಿಗೆ ಕತ್ತಲೆ ಶುರು

ದಿನಕ್ಕೆ 14 ಗಂಟೆ ಕತ್ತಲೆ, 10 ಗಂಟೆ ಬೆಳಕು. ಸಂಜೆ 6ಕ್ಕೆ ಒಳಗೆ, ಬೆಳಿಗ್ಗೆ 8ಕ್ಕೆ ಹೊರಗೆ. ಸಂಜೆ 6ಕ್ಕೆ ನಿಮಗೆ ಅನುಕೂಲ ಇಲ್ಲವೇ? ರಾತ್ರಿ 8ರಿಂದ ಬೆಳಿಗ್ಗೆ 10 ಆದರೂ ಸರಿ. ಗಿಡಕ್ಕೆ ಗಡಿಯಾರದ ಹೊತ್ತು ಮುಖ್ಯವಲ್ಲ, ಕತ್ತಲೆ ನಡುವೆ ಮುರಿಯದೆ ಉದ್ದಕ್ಕೆ ಇರಬೇಕು, ಅಷ್ಟೇ. ಟಾರ್ಪಾಲು ಹೊದಿಸುವವರಿಗೆ ಈ ಎರಡನೇ ಹೊತ್ತೇ ಒಳ್ಳೆಯದು. ಜುಲೈ ಸಂಜೆ 6ರ ಬಿಸಿಲಿಗೆ ಕಪ್ಪು ಟಾರ್ಪಾಲಿನ ಒಳಗೆ ಗಿಡ ಬೆಂದುಹೋಗುತ್ತದೆ. ಮೇಲೆ ಒಂದು ಬಿಳಿ ಬೆಡ್‌ಶೀಟ್ ಹಾಸಿದರೆ ಶಾಖ ಇನ್ನೂ ಕಡಿಮೆ. ಬೆಳಿಗ್ಗೆ ಬಿಸಿಲು ಏರಿದ ದಿನ ಬೇಗ ತೆಗೆಯಬೇಕಾದರೆ, ಹಿಂದಿನ ಸಂಜೆ ಅಷ್ಟು ಬೇಗ ಹೊದಿಸಿರಬೇಕು.

ಕತ್ತಲೆ ಎಷ್ಟು ಗಾಢವಾಗಿರಬೇಕು? ಮಧ್ಯಾಹ್ನ ಗ್ಯಾರೇಜ್ ಬಾಗಿಲು ಮುಚ್ಚಿ ಒಳಗೆ ಐದು ನಿಮಿಷ ನಿಲ್ಲಿ. ಕಣ್ಣು ಹೊಂದಿಕೊಂಡ ಮೇಲೂ ನಿಮ್ಮ ಕೈಬೆರಳು ಕಾಣಿಸಬಾರದು. ಬಾಗಿಲ ಸಂದಿಯಲ್ಲಿ ಬೆಳಕಿನ ಗೆರೆ ಕಂಡರೆ ಹಳೆ ಕಂಬಳಿ ತುರುಕಿ. ಟಾರ್ಪಾಲಾದರೆ ಹಗಲಿನಲ್ಲೇ ಅದರೊಳಗೆ ತಲೆ ತೂರಿಸಿ ನೋಡಿ. ಸೂಜಿ ತೂತುಗಳು ನಕ್ಷತ್ರದ ಹಾಗೆ ಹೊಳೆಯುತ್ತವೆ, ಒಂದೊಂದಕ್ಕೂ ಟೇಪ್ ಅಂಟಿಸಿ.

ಇಲ್ಲಿ ಆಗುವ ತಪ್ಪುಗಳೇ ಹೆಚ್ಚು. ಗ್ಯಾರೇಜಿನೊಳಗೆ ಗಿಡ ಇದ್ದಾಗ ರಾತ್ರಿ 10ಕ್ಕೆ ಸೈಕಲ್ ತೆಗೆಯಲು ಯಾರೋ ಲೈಟು ಹಾಕುತ್ತಾರೆ. ಆ ಕೆಲವೇ ನಿಮಿಷದ ಬೆಳಕಿಗೆ ಉದ್ದದ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿ ಮುರಿದುಹೋಗುತ್ತದೆ. ಆ ದಿನದ ಶ್ರಮ ವ್ಯರ್ಥ. ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿ. ಗ್ಯಾರೇಜಿನ ಓಪನರ್‌ಗೆ ತಾನಾಗಿ ಹತ್ತುವ ಬಲ್ಬ್ ಇದ್ದರೆ ಅದನ್ನು ಬಿಚ್ಚಿಡಿ. ಹೊರಗಡೆ ಟಾರ್ಪಾಲಿನ ಬಳಿ ಬೀದಿದೀಪ, ವರಾಂಡದ ದೀಪ, ಸೋಲಾರ್ ದೀಪ ಇದ್ದರೆ ಆ ಬದಿಯನ್ನು ಇನ್ನೊಂದು ಪದರ ಮುಚ್ಚಿ. ಮೊದಲ ವರ್ಷ ನನ್ನ ಹೊದಿಕೆ ಅಡುಗೆಮನೆ ಕಿಟಕಿಯ ಕಡೆ ಒಂದು ಗೇಣು ಮೇಲಕ್ಕಿತ್ತು. ಉಳಿದ ಮೂರು ಕುಂಡ ಮೊಗ್ಗು ಬಿಟ್ಟವು, ಕಿಟಕಿಯ ಕಡೆಯದು ಬರೀ ಎಲೆ. ಹುಣ್ಣಿಮೆಗೆ ಮಾತ್ರ ಹೆದರಬೇಡಿ. ಬೆಳದಿಂಗಳು ಲೆಕ್ಕಕ್ಕೆ ಬಾರದಷ್ಟು ಮಂದ.

ಒಂದು ದಿನ ಮರೆತರೆ? ಗಾಬರಿ ಬೇಡ, ಮಾರನೇ ದಿನ ಮುಂದುವರಿಸಿ. ವಾರಕ್ಕೆ ಎರಡು ದಿನ ಮರೆಯುತ್ತಾ ಹೋದರೆ ಮಾತ್ರ ಗಿಡ ಮತ್ತೆ ಎಲೆಗೆ ಹೊರಳುತ್ತದೆ.

ಹಂತ 6: ಮೊದಲ ಮೊಗ್ಗನ್ನು ಗುರುತಿಸಿ

ಮೂರನೇ ವಾರದಿಂದ ದಿನಾ ಬೆಳಿಗ್ಗೆ ಎಲೆಕಂಕುಳು ನೋಡಿ. ಎಲೆತೊಟ್ಟು ಕಾಂಡಕ್ಕೆ ಸೇರುವ ಜಾಗ ಅದು. ಎಲೆಯ ಕುಡಿ ಬರುವುದಾದರೆ ಅದು ಚಪ್ಪಟೆಯಾಗಿ ಮಡಚಿಕೊಂಡು ಮೂರೆಲೆಯ ಆಕಾರ ತೋರಿಸುತ್ತದೆ. ಹೂಗೊಂಚಲು ಹಾಗಲ್ಲ. ಬೆಂಕಿಕಡ್ಡಿಗಿಂತ ಸಣ್ಣ ಹಸಿರು ಕಡ್ಡಿ, ತುದಿ ತುಸು ಬಾಗಿರುತ್ತದೆ. ಅದರ ಸುತ್ತ ಸಾಸಿವೆ ಕಾಳಿನಷ್ಟು ಗಂಟುಗಳು ಒತ್ತೊತ್ತಾಗಿ ಕೂತಿರುತ್ತವೆ. ಬೆರಳಲ್ಲಿ ಸವರಿದರೆ ಸಣ್ಣ ಮಣಿಸರ ಮುಟ್ಟಿದ ಹಾಗೆ. ನಾಲ್ಕೈದು ದಿನಕ್ಕೆ ಕಡ್ಡಿ ನೆಟ್ಟಗಾಗಿ ಎಲೆಯಿಂದ ಹೊರಗೆ ಚಾಚುತ್ತದೆ, ಆಗ ಯಾರಿಗಾದರೂ ಕಾಣುತ್ತದೆ.

ಮೊಗ್ಗು ಕಂಡ ಖುಷಿಗೆ ಕತ್ತಲೆ ನಿಲ್ಲಿಸುವುದು ದೊಡ್ಡ ತಪ್ಪು. ಆಗಸ್ಟ್ ಮಧ್ಯದಲ್ಲೂ ಇಲ್ಲಿ ಹಗಲು ಸುಮಾರು 14 ಗಂಟೆ. ಅಷ್ಟರಲ್ಲೇ ಬಿಟ್ಟರೆ ಗೊಂಚಲು ಅರ್ಧಕ್ಕೆ ನಿಂತು ಮೇಲೆ ಮತ್ತೆ ಎಲೆ ಹೊರಡುತ್ತದೆ. ಕೆಳಗಿನ ಗೊಂಚಲುಗಳಲ್ಲಿ ಹೂ ಅರಳಿ, ಬೆರಳುಗುರಿನಷ್ಟು ಕಾಯಿ ಕಾಣುವವರೆಗೆ ಮುಂದುವರಿಸಿ. ಒಟ್ಟು ನಾಲ್ಕೈದು ವಾರ.

ಹಂತ 7: ಹೂ ಉದುರದಂತೆ ನೋಡಿಕೊಳ್ಳಿ

ಅವರೆಗೆ ಜೇನುನೊಣ ಬರಲೇಬೇಕೆಂದಿಲ್ಲ. ಹೆಚ್ಚಾಗಿ ತನ್ನದೇ ಹೂವಿನ ಪರಾಗದಿಂದ ಕಾಯಿ ಕಟ್ಟುತ್ತದೆ. ಹೂ ಉದುರಿದರೆ ಕಾರಣ ಸಾಮಾನ್ಯವಾಗಿ ನೀರು. ಕುಂಡ ಒಮ್ಮೆ ಪೂರ್ತಿ ಒಣಗಿದರೂ ಗೊಂಚಲು ಖಾಲಿಯಾಗುತ್ತದೆ. ಬೆರಳು ಮಣ್ಣಿಗೆ ತೂರಿಸಿ, ಎರಡಂಗುಲ ಕೆಳಗೆ ಒಣಗಿದ್ದರೆ ನೀರು ಹಾಕಿ. ವಿಪರೀತ ಬಿಸಿಲಿನ ದಿನ ಮಧ್ಯಾಹ್ನ ನೆರಳಿಗೆ ಸರಿಸಿ.

ಎಳೆ ಗೊಂಚಲಿಗೆ ಕಪ್ಪು ಹೇನು ಮುತ್ತುತ್ತದೆ. ನೀರಿನ ಪೈಪು ಹಿಡಿದು ಜೋರಾಗಿ ತೊಳೆದರೆ ಸಾಕು. ಒಂಟಾರಿಯೊ ಕಡೆ ಜುಲೈನಲ್ಲಿ ಜಪಾನೀಸ್ ಬೀಟಲ್ ಎಂಬ ತಾಮ್ರದ ಬಣ್ಣದ ದುಂಬಿ ಎಲೆಯನ್ನು ಜರಡಿ ಮಾಡುತ್ತದೆ. ಬೆಳಿಗ್ಗೆ ತಂಪಲ್ಲಿ ಅವು ಮಂಕಾಗಿರುತ್ತವೆ. ಸೋಪಿನ ನೀರಿನ ಡಬ್ಬಿ ಕೆಳಗೆ ಹಿಡಿದು ಎಲೆ ಅಲುಗಾಡಿಸಿ, ಅದರೊಳಗೇ ಬೀಳುತ್ತವೆ. ನೀವು ತಿನ್ನುವ ಕಾಯಿ, ಔಷಧಿ ಹೊಡೆಯಬೇಡಿ.

ಹಂತ 8: ಸೆಪ್ಟೆಂಬರ್‌ನ ಕೊಯ್ಲು, ಅಕ್ಟೋಬರ್‌ನ ರಕ್ಷಣೆ

ಹೂ ಅರಳಿದ ಸುಮಾರು ಒಂದು ತಿಂಗಳಿಗೆ ಕಾಳು ತುಂಬುತ್ತದೆ. ಕಾಯಿಯ ಮೇಲಿಂದ ಕಾಳಿನ ಉಬ್ಬು ಕೈಗೆ ಸಿಗಬೇಕು, ಸಿಪ್ಪೆ ಇನ್ನೂ ಹಸಿರಾಗಿರಬೇಕು. ಹಿದಕಿದ ಬೇಳೆಗೆ ಈ ಹದ. ಕೈಗೆ ಅಂಟಂಟಾಗಿ ಸೊಗಡು ಹತ್ತಿದರೆ ತೊಳೆಯುವ ಮುಂಚೆ ಒಮ್ಮೆ ಮೂಸಿ ನೋಡಿ! ರಾತ್ರಿಗಳು ತಂಪಾದಷ್ಟೂ ಸೊಗಡು ಜಾಸ್ತಿ. ಹಾಗಾಗಿ ಸೆಪ್ಟೆಂಬರ್ ಕೊನೆಯ ಕಾಯಿ ಮೊದಲ ಕೊಯ್ಲಿಗಿಂತ ರುಚಿ.

ಸೆಪ್ಟೆಂಬರ್ ಕೊನೆಯಿಂದ ಹವಾಮಾನದ ಸುದ್ದಿ ದಿನಾ ನೋಡಿ. ರಾತ್ರಿ 3 ಡಿಗ್ರಿ ಅಂದರೂ ಎಚ್ಚರವಾಗಿರಿ. ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದಿದ್ದರೆ ನೆಲದ ಹತ್ತಿರ ಇನ್ನೂ ತಣ್ಣಗಿರುತ್ತದೆ. ಕುಂಡ ಒಳಗೆ ತನ್ನಿ. ನೆಲದಲ್ಲಿ ಹಬ್ಬಿದ ಬಳ್ಳಿಗೆ ಹಳೇ ಬೆಡ್‌ಶೀಟ್ ನೆಲ ಮುಟ್ಟುವ ಹಾಗೆ ಹೊದಿಸಿ. ಬರೀ ಪ್ಲಾಸ್ಟಿಕ್ ಬೇಡ, ಅದು ತಾಗಿದ ಎಲೆಯೆಲ್ಲ ಸುಟ್ಟಂತಾಗುತ್ತದೆ.

ಈ ವರ್ಷ ಈ ಲೇಖನ ನಿಮಗೆ ತಡವಾಗಿ ಸಿಕ್ಕಿ, ಸೆಪ್ಟೆಂಬರ್‌ನಲ್ಲಿ ಬರೀ ಬಳ್ಳಿ ನೋಡುತ್ತಾ ಕೂತಿದ್ದೀರಾ? ಈಗ ಕತ್ತಲೆ ಕೊಟ್ಟು ಹೆಚ್ಚು ಲಾಭವಿಲ್ಲ, ಇನ್ನು ರಾತ್ರಿ ತಾನಾಗಿಯೇ ಬೆಳೆಯುತ್ತಿದೆ. ಬಳ್ಳಿಯ ತುದಿಗಳನ್ನೆಲ್ಲ ಚಿವುಟಿ, ಗೊಬ್ಬರ ನಿಲ್ಲಿಸಿ, ಫ್ರಾಸ್ಟ್ ಬರುವ ರಾತ್ರಿಗಳಲ್ಲಿ ಹೊದಿಸಿ. ಅಕ್ಟೋಬರ್ ಬೆಚ್ಚಗಿದ್ದರೆ ಒಂದೆರಡು ಹಿಡಿ ಎಳೆಕಾಯಿ ಸಿಗಬಹುದು, ಪಲ್ಯಕ್ಕೆ ಆಗುತ್ತದೆ.

ಹಂತ 9: ಮುಂದಿನ ವರ್ಷದ ಬೀಜ

ಎಲ್ಲಾ ಕಾಯಿ ಕಿತ್ತು ತಿನ್ನಬೇಡಿ. ನಿಮ್ಮ ಕುಂಡಗಳಲ್ಲಿ ಯಾವುದು ಎಲ್ಲಕ್ಕಿಂತ ಮೊದಲು ಮೊಗ್ಗು ಬಿಟ್ಟಿತೋ ಅದರ ಕೆಳಗಿನ ಎರಡು ಗೊಂಚಲಿಗೆ ಕೆಂಪು ದಾರ ಕಟ್ಟಿ, ಬಲಿಯಲು ಬಿಡಿ. ನಾಟಿ ಬೀಜದಲ್ಲಿ ಎಲ್ಲಾ ಗಿಡ ಒಂದೇ ಥರ ಇರುವುದಿಲ್ಲ. ಬೇಗ ಬಿಡುವುದನ್ನೇ ವರ್ಷ ವರ್ಷ ಆರಿಸುತ್ತಾ ಹೋದರೆ ನಿಮ್ಮ ಹಿತ್ತಲಿಗೆ ಒಗ್ಗುವ ಬೀಜ ಕೈ ಸೇರುವ ಸಾಧ್ಯತೆ ಇದೆ. ಕಾಯಿ ಹಳದಿಗೆ ತಿರುಗಿದ ಮೇಲೆ ಫ್ರಾಸ್ಟ್ ಬರುವ ಸೂಚನೆ ಕಂಡರೂ ಚಿಂತೆಯಿಲ್ಲ. ಗೊಂಚಲು ಸಮೇತ ಕತ್ತರಿಸಿ ಅಡುಗೆಮನೆಯಲ್ಲಿ ತೂಗುಹಾಕಿ. ಕಾಯಿ ಅಲ್ಲಾಡಿಸಿದಾಗ ಗಲಗಲ ಅಂದರೆ ಸುಲಿದು, ಇನ್ನೊಂದು ವಾರ ನೆರಳಲ್ಲಿ ಒಣಗಿಸಿ, ಕಾಗದದ ಕವರಿನಲ್ಲಿ ಹಾಕಿಡಿ. ಕವರಿನ ಮೇಲೆ ಮೂರು ದಿನಾಂಕ ಬರೆಯಿರಿ: ಬಿತ್ತಿದ್ದು, ಕತ್ತಲೆ ಶುರು ಮಾಡಿದ್ದು, ಮೊದಲ ಮೊಗ್ಗು ಕಂಡಿದ್ದು.